ಬಸುರಿದ್ದಾಗ ಟೊಂಕ ನೋವು, ಕಾಲ ಸೆಳೆತ, ಎದಿ ಉರಿ, ಬಾವು: ಹೆಣ್ಮಕ್ಕಳು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಬಾಗಲಕೋಟಿ ಜಿಲ್ಲಾದ ಹುನಗುಂದ ಕಡೆ ಒಂದ ಹಳ್ಳ್ಯಾಗ ಆಶಾ ಕೆಲಸ ಮಾಡ್ತೀನ್ರಿ, ನಂದೂ ಎರಡ ಹೆರಿಗಿ ಆಗ್ಯಾವು. ಮನಿ ಮನಿಗೆ ಹೋದಾಗ ಬಸುರಿ ಹೆಣ್ಮಕ್ಕಳು ಸ್ಕ್ಯಾನಿಂಗ್ ಬಗ್ಗೆ ಕೇಳೂದು ಕಡಿಮಿ, ನೋವಿನ ಬಗ್ಗೇನ ಜಾಸ್ತಿ. ಅದೂ ಎಲ್ಲಾರ ಮುಂದ ಅಲ್ಲ, ನಾ ಬಾಗಲದಾಗ ಚಪ್ಪಲಿ ಮೆಟ್ಕೊಳ್ಳೂ ಹೊತ್ತಿಗೆ, ಅತ್ತಿ ಒಳಗ ಹೋದ ಮ್ಯಾಲ, ಹಗೂರ್ಕ. ಮನ್ಯಾಗ ಹೇಳಿದ್ರ "ಬಸುರಿ ಅಂದಮ್ಯಾಲ ಇದೆಲ್ಲಾ ಇರೂದ, ತಡ್ಕೋ" ಅಂತಾರಂತ. ಆ "ತಡ್ಕೋ" ನನಗ ಸೇರಂಗಿಲ್ಲ. ಭಾಳಷ್ಟ ನೋವಿಗೆ ಮನ್ಯಾಗ ಏನರ ಮಾಡಾಕ ಬರ್ತೈತಿ, ಸುಮ್ನ ಹಲ್ಲ ಕಚ್ಕೊಂಡ ಇರೂ ಕಾರಣ ಇಲ್ಲ; ಉಳಿದ ಒಂದೆರಡನ್ನ ತಡ್ಕೊಂಡ ಕುಂತ್ರ ಜೀವಕ್ಕ ಬರ್ತೈತಿ. ಯಾವ್ದು ಯಾವ್ದಂತ ಗೊತ್ತಾಗ್ಲಿ ಅಂತ ಬರದೀನಿ. ನಾ ಡಾಕ್ಟರ್ ಅಲ್ಲ, ನಿಮ್ಮ ಡಾಕ್ಟರ್ ಬ್ಯಾರೆ ಹೇಳಿದ್ರ ಅವರ ಮಾತ ಕೇಳ್ರಿ.

ಐದ ತಿಂಗಳಾತು, ಟೊಂಕ ಹಿಡದ ಬಿಟ್ಟೈತಿ, ಕುಂತ್ರ ಏಳಾಕ ಆಗವಲ್ದು, ಎದ್ರ ಕುಂದ್ರಾಕ ಆಗವಲ್ದು. ಯಾಕ ಹಿಂಗ?

ಬಸುರಾದಾಗ ಮೈಯಾಗ ಪ್ರೊಜೆಸ್ಟರಾನ್, ರಿಲ್ಯಾಕ್ಸಿನ್ ಅನ್ನೂ ಹಾರ್ಮೋನ್ ಏರ್ತಾವು. ಹೆರಿಗಿ ಟೈಮಿಗೆ ಕೂಸಿಗೆ ದಾರಿ ಆಗ್ಲಿ ಅಂತ ಅವು ಎಲಬಿನ ಸಂದಿ ಹಿಡದಿರೂ ಪಟ್ಟಿಗೋಳನ್ನ ಸಡಲ ಮಾಡ್ತಾವು. ಆದ್ರ ಬರೇ ಅಲ್ಲೊಂದ ಕಡೆ ಸಡಲ ಮಾಡ್ರಿ ಅಂದ್ರ ಕೇಳಂಗಿಲ್ಲ, ಇಡೀ ಮೈಯಾಗಿನ ಕೀಲ ಸಡಲ ಆಗ್ತಾವು. ಅದರ ಮ್ಯಾಲ ಹೊಟ್ಟಿ ಮುಂದ ಬಂದಂಗ ಭಾರ ಎಲ್ಲಾ ಮುಂದ, ಅದನ್ನ ಸರಿದೂಗಸಾಕ ನಾವು ಎದಿ ಹಿಂದಕ್ಕ ಮಾಡಿ ಟೊಂಕ ಡೊಂಕ ಮಾಡಿ ನಡಿತೀವಿ. ನೋವು ಅಲ್ಲೇ ಹುಟ್ಟೂದು.

ಇದು ಪುಸ್ತಕದ ಕಾರಣ. ನಮ್ಮ ಕಡೆ ಇನ್ನೊಂದ ಕಾರಣ ಐತಿ, ಅದು ರೊಟ್ಟಿ. ನೋಡ್ರಿ, ಏಳ ಮಂದಿ ಮನಿ, ಹೊತ್ತಿಗೆ ಇಪ್ಪತ್ತ ಇಪ್ಪತ್ತೈದ ರೊಟ್ಟಿ, ಒಲಿ ಮುಂದ ಒಂದ ಕಾಲ ಮಡಚಿ ಒಂದ ಕಾಲ ಚಾಚಿ ಕುಂತ, ಕಲ್ಲಿನ ಮ್ಯಾಲ ಬಾಗಿ ಬಡಿಯೂದು, ಹಂಚಿಗೆ ಹಾಕಾಕ ಮುಂದ ಬಾಗೂದು, ಹಿಟ್ಟ ತಗೊಳ್ಳಾಕ ಮಗ್ಗಲಕ್ಕ ತಿರಗೂದು. ಹೊಟ್ಟಿ ಅಡ್ಡ ಬರೂದಕ್ಕ ಕೈ ಇನ್ನೂ ಉದ್ದ ಚಾಚಬೇಕು. ಒಂದ ತಾಸ ಇದನ್ನ ಮಾಡಿದ ಮ್ಯಾಲ ಬಸುರಿ ಅಲ್ಲ, ಗಂಡಸರ ಟೊಂಕಾನೂ ಹಿಡಿತೈತಿ, ಆದ್ರ ಅವರು ಮಾಡಂಗಿಲ್ಲ ಬಿಡ್ರಿ. ಇಳಕಲ್, ಗುಳೇದಗುಡ್ಡದ ನೇಕಾರ ಮನ್ಯಾಗ ಇದರ ಜೋಡಿ ರಾಟಿ ಮುಂದ ಕುಂತ ಕಂಡಿಕಿ ಸುತ್ತೂದೂ ಇರ್ತೈತಿ, ಅದಕ್ಕೂ ಕತಿ ಇದ.

ನಾ ಏನ್ ಹೇಳ್ತೀನಂದ್ರ, ಆದಷ್ಟ ನಿಂತ ರೊಟ್ಟಿ ಮಾಡ್ರಿ, ಗ್ಯಾಸ್ ಕಟ್ಟಿ ಟೊಂಕದ ಎತ್ತರಕ್ಕ ಇರ್ಲಿ, ಒಂದ ಕಾಲ ಕೆಳಗ ಸಣ್ಣ ಮಣಿ ಇಟ್ಕೊಂಡ ಆಗಾಗ ಕಾಲ ಬದಲಿ ಮಾಡ್ರಿ. ಕೆಳಗ ಕುಂತ ಮಾಡೂದ ಆದ್ರ ಹತ್ತ ರೊಟ್ಟಿಗೆ ಒಮ್ಮೆ ಎದ್ದ ಗ್ವಾಡಿಗೆ ಬೆನ್ನ ಹಚ್ಚಿ ನಿಂದರ್ರಿ. ವಾರಕ್ಕೊಮ್ಮೆ ಖಡಕ್ ರೊಟ್ಟಿ ಮಾಡಿಸಿ ಇಟ್ಕೊಂಡ್ರ ದಿನಾ ಬಡಿಯೂದ ಅರ್ಧಕ್ಕರ್ಧ ತಪ್ಪತೈತಿ. ಈಗ ರೊಟ್ಟಿ ಮಾಡಿ ಮಾರೂ ಹೆಣ್ಮಕ್ಕಳ ಸಂಘ ಎಲ್ಲಾ ಕಡೆ ಅದಾವು, ತರಸಿದ್ರ ಮರ್ಯಾದಿ ಏನ್ ಹೋಗಂಗಿಲ್ಲ.

ಉಳಿದದ್ದು: ತುಂಬಿದ ಕೊಡ ಟೊಂಕದ ಮ್ಯಾಲ ಇಟ್ಕೊಬ್ಯಾಡ್ರಿ, ಎರಡೂ ಕೈಯಾಗ ಸಣ್ಣ ಕ್ಯಾನ್ ಹಿಡಕೊಂಡ ಎರಡ ಸಲ ಹೋಗ್ರಿ. ಕೆಳಗಿಂದ ಏನರ ಎತ್ತೂದಿದ್ರ ಮೊಣಕಾಲ ಮಡಚಿ ಎತ್ರಿ, ಟೊಂಕ ಬಗ್ಗಸಿ ಅಲ್ಲ. ಮಲ್ಕೊಂಡಾಗ ಎರಡ ಮೊಣಕಾಲ ನಡು ಒಂದ ದಿಂಬ, ಇಲ್ಲಾಂದ್ರ ಮಡಚಿದ ಕೌದಿ ಇಟ್ಕೋರಿ, ಇದೊಂದ ಮಾಡಿದ್ರನ ಮುಂಜಾನಿ ಏಳೂದ ಸಲೀಸ ಆಗತೈತಿ. ಬಿಸಿನೀರಿನ ಬ್ಯಾಗ ಟೊಂಕಕ್ಕ ಹತ್ತ ಹದಿನೈದ ನಿಮಿಷ ಇಟ್ರ ನಡಿತೈತಿ, ಬಟ್ಟಿ ಸುತ್ತಿ ಇಡ್ರಿ, ಹೊಟ್ಟಿ ಮ್ಯಾಲ ಬ್ಯಾಡ. ಸುಮ್ನ ಮಲ್ಕೊಂಡ ಇದ್ರ ಕಡಿಮಿ ಆಗತೈತಿ ಅನ್ನೂದು ತಪ್ಪ, ದಿನಾ ಅರ್ಧ ತಾಸ ಹಗೂರ್ಕ ನಡದವರಿಗೇನ ನೋವು ಕಡಿಮಿ.

ಆದ್ರ ಟೊಂಕ ನೋವು ಬಿಟ್ಟ ಬಿಟ್ಟ ಬರಾಕತ್ತಿದ್ರ, ಜೋಡಿ ಹೊಟ್ಟಿ ಗಟ್ಟಿ ಆಗಾಕತ್ತಿದ್ರ, ಇನ್ನಾ 37 ವಾರ ತುಂಬಿಲ್ಲಾಂದ್ರ, ಅದು ರೊಟ್ಟಿ ನೋವಲ್ಲ, ದವಾಖಾನಿಗೆ ಹೋಗ್ರಿ. ಜ್ವರ ಬಂದು ಒಂದ ಮಗ್ಗಲ ಟೊಂಕ ನೋಯಾಕತ್ತಿದ್ರೂ ಹಂಗ, ಮೂತ್ರಪಿಂಡಕ್ಕ ಸೋಂಕ ಏರಿರ್ತೈತಿ.

ಮಗ್ಗಲಾ ಬದಲಿ ಮಾಡಿದಾಗ, ಕೆಮ್ಮಿದಾಗ ಕಿಬ್ಬೊಟ್ಟಿ ಒಳಗ ಚಳಕ್ ಅಂತೈತಿ, ಕೂಸಿಗೆ ಏನರ ಆಗಿರ್ತೈತೇನ?

ಇಲ್ಲವಾ. ಗರ್ಭಕೋಶಕ್ಕ ಎರಡೂ ಕಡೆ ಹಗ್ಗ ಕಟ್ಟಿದಂಗ ಪಟ್ಟಿ ಇರ್ತಾವು, ಗರ್ಭಕೋಶ ದೊಡ್ಡದಾದಂಗ ಅವು ಜಗ್ಗತಾವು, ದಿಢೀರಂತ ಹೊಳ್ಳಿದ್ರ ಚಳಕ್ ಹೊಡಿತೈತಿ. ನಾಕರಿಂದ ಆರ ತಿಂಗಳದಾಗ ಜಾಸ್ತಿ. ಒಂದೆರಡ ಸೆಕೆಂಡ ಇದ್ದ ಹೋಗತೈತಿ. ಹಾಸಿಗಿಯಿಂದ ಏಳೂ ಮುಂದ ಮೊದಲ ಮಗ್ಗಲಕ್ಕ ಹೊಳ್ಳಿ, ಕೈ ಊರಿ, ಆಮ್ಯಾಲ ಏಳ್ರಿ. ಸೀನು ಬಂದ್ರ ಮೊಣಕಾಲ ಜರಾ ಮಡಚ್ಕೋರಿ. ಬಿಡದ ನೋಯಾಕತ್ತಿದ್ರ, ರಕ್ತ ಕಂಡ್ರ ಮಾತ್ರ ಲಗೂನ ತೋರಸ್ರಿ.

ಹೊಟ್ಟಿ ಅಲ್ಲ, ಅದರ ಕೆಳಗ ಮುಂದಿನ ಎಲಬ ನೋಯ್ತೈತಿ, ಮೆಟ್ಟಲ ಹತ್ತಾಕ ಆಗಂಗಿಲ್ಲ, ಹೇಳಾಕ ನಾಚಿಕಿ ಬರ್ತೈತಿ

ನಾಚಿಕಿ ಏನ್ ಇದರಾಗ. ಮುಂದ ಎರಡ ಎಲಬ ಕೂಡೂ ಸಂದಿ ಸಡಲ ಆಗಿ ಹಿಂಗ ಆಗತೈತಿ, ನಡದ್ರ ಕಟಕಟ ಅನ್ನೂದೂ ಉಂಟು. ಒಂದ ಕಾಲ ಮ್ಯಾಲ ಭಾರ ಬಿದ್ದಾಗೆಲ್ಲಾ ಜಾಸ್ತಿ ನೋಯ್ತೈತಿ, ಅದಕ್ಕ ಲಂಗ, ಪ್ಯಾಂಟ್ ಕುಂತ ಹಾಕ್ಕೋರಿ, ಗಾಡಿ ಮ್ಯಾಲಿಂದ ಇಳಿಯೂ ಮುಂದ ಎರಡೂ ಕಾಲ ಕೂಡಸಿ ಹೊಳ್ಳಿ ಇಳೀರಿ, ಮೆಟ್ಟಲ ಒಂದೊಂದ ಹತ್ತರಿ. ಡಾಕ್ಟರಿಗೆ ಹೇಳಿದ್ರ ಬೆಲ್ಟ್ ಕೊಡ್ತಾರ, ವ್ಯಾಯಾಮ ಹೇಳ್ತಾರ. ಹೆರಿಗಿ ಆದ ಮ್ಯಾಲ ಬಹುತೇಕ ಮಂದಿಗೆ ತಾನ ಹೋಗತೈತಿ.

ನಡರಾತ್ರಿ ಮೀನಖಂಡ ಹಿಡಕೊಂಡ ಬಿಡತೈತಿ, ಚೀರಿ ಏಳ್ತೀನಿ, ಮನಿ ಮಂದಿ ಎಲ್ಲಾ ಗಾಬರಿ ಆಗ್ತಾರ

ನಮ್ಮ ಮನ್ಯಾಗೂ ಹಂಗ ಆಗಿತ್ತು, ನಮ್ಮ ಯಜಮಾನ್ರು ಚೇಳ ಕಡೀತು ಅಂತ ಬ್ಯಾಟರಿ ಹಚ್ಚಿ ಹಾಸಿಗಿ ಝಾಡಿಸಿದ್ರು. ಸೆಳೆತ ಬಂದಾಗ ಕಾಲ ನೆಟ್ಟಗ ಮಾಡಿ ಹೆಬ್ಬಟ್ಟ ಮೊಣಕಾಲ ಕಡೆ ಜಗ್ಗರಿ, ನಿಮಗ ಬಗ್ಗಾಕ ಆಗಂಗಿಲ್ಲಾಂದ್ರ ಮಗ್ಗಲಿದ್ದವರಿಗೆ ಹೇಳ್ರಿ, ಇಲ್ಲಾ ಎದ್ದ ನಿಂತ ಹಿಮ್ಮಡಿ ನೆಲಕ್ಕ ಒತ್ತರಿ. ಆಮ್ಯಾಲ ಹಗೂರ್ಕ ತಿಕ್ಕರಿ. ಹೆಬ್ಬಟ್ಟ ಕೆಳಗ ಚಾಚಬ್ಯಾಡ್ರಿ, ಮತ್ತ ಹಿಡಿತೈತಿ. ಮಲ್ಕೊಳ್ಳೂ ಮೊದಲ ಗ್ವಾಡಿಗೆ ಕೈ ಊರಿ, ಒಂದ ಕಾಲ ಹಿಂದ ಇಟ್ಟ, ಹಿಮ್ಮಡಿ ಎತ್ತದಂಗ ಮುಂದ ಬಾಗಿ ಅರ್ಧ ನಿಮಿಷ ನಿಂದರೂದ ರೂಢಿ ಮಾಡ್ಕೋರಿ.

ಕ್ಯಾಲ್ಸಿಯಂ ಕಡಿಮಿ ಆಗಿ ಹಿಂಗ ಆಗತೈತಿ ಅಂತ ಎಲ್ಲಾರೂ ಹೇಳ್ತಾರ, ಕ್ಯಾಲ್ಸಿಯಂ ನುಂಗಿದ್ರ ಸೆಳೆತ ನಿಂತ ಹೋಗತೈತಿ ಅಂತ ಖಾತ್ರಿ ಏನಿಲ್ಲ. ಆದ್ರೂ ಆ ಗುಳಿಗಿ ಬಿಡಬ್ಯಾಡ್ರಿ, 14 ವಾರದಿಂದ ದಿನಕ್ಕ 500 ಮಿಲಿಗ್ರಾಂದ್ದು ಎರಡ ಅಂತ ಸರ್ಕಾರದ ಲೆಕ್ಕ ಐತಿ, ಕೂಸಿನ ಎಲಬಿಗೂ ಬೇಕು, ನಿಮ್ಮ ಬಿಪಿ ಏರದಂಗ ತಡ್ಯಾಕೂ ಬೇಕು.

ಒಂದ ಎಚ್ಚರಕಿ. ಒಂದ ಕಾಲ ಮಾತ್ರ ಬಾತು, ಕೆಂಪಾಗಿ, ಮುಟ್ಟಿದ್ರ ಬೆಚ್ಚಗಿದ್ದು, ನೋವು ಹೋಗವಲ್ದು ಅಂದ್ರ ಅದು ಸೆಳೆತ ಅಲ್ಲ, ರಕ್ತನಾಳದಾಗ ರಕ್ತ ಹೆಪ್ಪಗಟ್ಟಿರಬಹುದು. ತಿಕ್ಕಬ್ಯಾಡ್ರಿ, ಎಣ್ಣಿ ಹಚ್ಚಬ್ಯಾಡ್ರಿ, ಅವತ್ತ ದವಾಖಾನಿಗೆ ಹೋಗ್ರಿ.

ಎದಿ ಉರಿತೈತಿ, ಹುಳಿ ತೇಗ ಬರ್ತೈತಿ, ರಾತ್ರಿ ಮಲ್ಕೊಂಡ್ರಂತೂ ಗಂಟಲಕ್ಕ ಬರ್ತೈತಿ

ಅನ್ನನಾಳ, ಹೊಟ್ಟಿ ನಡುವ ಒಂದ ಬಾಗಲ ಇರ್ತೈತಿ, ಅದೂ ಹಾರ್ಮೋನಿನಿಂದ ಸಡಲ ಆಗತೈತಿ, ಕೆಳಗಿಂದ ಕೂಸು ದಬ್ಬತೈತಿ, ಹುಳಿ ಮ್ಯಾಲ ಬರ್ತೈತಿ. ರಂಜಕ, ಮಿರ್ಚಿ ಭಜಿ, ಖಾಲಿ ಹೊಟ್ಟೀಲೆ ಚಹಾ ಇವು ಮೂರ ಕಡಿಮಿ ಮಾಡಿದ್ರ ಅರ್ಧ ಉರಿ ಹೋಗತೈತಿ. ಬಯಕಿ ಐತಿ ಅಂದ್ರ ಒಂದ ಭಜಿ ಹಗಲಿ ತಿನ್ರಿ, ರಾತ್ರಿ ಬ್ಯಾಡ. ಹೊಟ್ಟಿ ಬಿರಿಯಂಗ ಎರಡ ಹೊತ್ತ ಉಣ್ಣೂದಕ್ಕಿಂತ ಸ್ವಲ್ಪ ಸ್ವಲ್ಪ ಐದಾರ ಸಲ ಉಣ್ರಿ. ನಮ್ಮಲ್ಲಿ ಗಂಡಸರೆಲ್ಲಾ ಉಂಡ ಮ್ಯಾಲ ಹತ್ತಕ್ಕ ಉಂಡ, ಭಾಂಡೆ ತಿಕ್ಕಿ, ಹತ್ತೂವರಿಗೆ ಮಲ್ಕೊಂಡ ಬಿಡೂದು, ಉರೀದ ಇನ್ನೇನ ಮಾಡ್ತೈತ್ರಿ? ಬಸುರಿದ್ದಾಗ ಎಂಟಕ್ಕ ಉಣ್ಣಾಕ ಕೊಡ್ರಿ ಅಂತ ನಾನ ಮನ್ಯಾಗಿನವರಿಗೆ ಹೇಳ್ತೀನಿ, ಉಂಡು ಎರಡ ತಾಸ ಆದ ಮ್ಯಾಲ ಮಲ್ಕೋರಿ, ತೆಲಿ ಕಡೆ ಎರಡ ದಿಂಬ ಇರ್ಲಿ.

ಎದಿ ಉರಿದ್ರ ಕೂಸಿಗೆ ತೆಲಿ ತುಂಬ ಕೂದಲ ಬರ್ತಾವು ಅಂತ ಮುದುಕ್ಯಾರು ಅಂತಾರ, ಬರ್ಲಿ ಬಿಡ್ರಿ ಚೊಲೋನ ಆತು, ಉರಿಗೆ ಮಾತ್ರ ಡಾಕ್ಟರ್ ಕಡೆ ಔಷಧ ಕೇಳ್ರಿ, ಬಸುರ್ಯಾರಿಗೆ ನಡಿಯೂವು ಅದಾವು. ಅಡಿಗಿ ಸೋಡಾ ನೀರಾಗ ಹಾಕಿ ಕುಡೀಬ್ಯಾಡ್ರಿ, ಅದರಾಗ ಉಪ್ಪಿನಂಶ ಭಾಳ. ಉರಿ ಔಷಧ, ಕಬ್ಬಿಣದ ಗುಳಿಗಿ ಎರಡೂ ಕೂಡೇನ ತಗೋಬ್ಯಾಡ್ರಿ, ನಡು ಎರಡ ತಾಸ ಬಿಡ್ರಿ, ಇಲ್ಲಾಂದ್ರ ಕಬ್ಬಿಣ ಮೈಗೆ ಹತ್ತಂಗಿಲ್ಲ. ಇನ್ನ ಉರಿ ಅಲ್ಲದ, ಬಲಗಡೆ ಪಕ್ಕೆಲಬಿನ ಕೆಳಗ ಗಟ್ಟಿ ಹಿಡದಂಗ ನೋವು ಬಂದ್ರ ಬಿಪಿ ನೋಡಸ್ರಿ. ಅದನ್ನ ಭಾಳ ಮಂದಿ ಗ್ಯಾಸ್ ಅಂತ ತಿಳ್ಕೊಂಡ ಮೋಸ ಹೋಗ್ತಾರ.

ಕೆಂಪ ಗುಳಿಗಿ ನುಂಗಿದ್ರ ಸಂಡಾಸ ಗಟ್ಟಿ ಆಗತೈತಿ, ಕರ್ರಗ ಬರ್ತೈತಿ, ಬಿಟ್ಟ ಬಿಡ್ಲೇನ?

ಹತ್ತ ಮನಿಗೆ ಹೋದ್ರ ಐದ ಮನ್ಯಾಗ ಆ ಗುಳಿಗಿ ಪಟ್ಟಿ ದೇವರ ಜಗುಲಿ ಮ್ಯಾಲ, ಕ್ಯಾಲೆಂಡರ್ ಹಿಂದ ಹಂಗ ಇಟ್ಟಿರ್ತಾವು. ಕೇಳಿದ್ರ "ನುಂಗೀನ್ರಿ" ಅಂತಾರ. ಕರ್ರಗ ಬರೂದ ನೋಡೇನ ನಾವು ನುಂಗ್ಯಾರೋ ಇಲ್ಲೋ ಅಂತ ಹೇಳಬಹುದು, ಅದರಾಗ ಹೆದರೂದ ಏನಿಲ್ಲ, ಹೊಟ್ಟಿ ಹೀರ್ಕೊಳ್ಳದ ಉಳದ ಕಬ್ಬಿಣ ಅದು. ನಾಕನೇ ತಿಂಗಳ ಹಿಡದು ದಿನಕ್ಕೊಂದ, ಕಡಿಮಿ ಅಂದ್ರ 180 ದಿನ, ಒಂದರಾಗ 60 ಮಿಲಿಗ್ರಾಂ ಕಬ್ಬಿಣ ಇರ್ತೈತಿ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗ ಇದ್ರ ರಕ್ತ ಕಡಿಮಿ ಅಂತ ಅರ್ಥ, ಆವಾಗ ಡಾಕ್ಟರ್ ಎರಡ ಹೇಳ್ತಾರ. ಸುಸ್ತು, ಏದುಸಿರು, ತೆಲಿ ತಿರಗೂದು, ಮಣ್ಣ ತಿನ್ನಬೇಕು ಅನ್ನಸೂದು, ಇದೆಲ್ಲಾ ಎಷ್ಟೋ ಸಲ ರಕ್ತ ಕಡಿಮಿ ಆಗೇನ ಬರ್ತಾವು.

ಮಲ ಗಟ್ಟಿ ಆಗೂದಕ್ಕ ಗುಳಿಗಿ ಬಿಡೂದ ಉಪಾಯ ಅಲ್ಲ. ನಮ್ಮ ಊಟದಾಗ ಎಷ್ಟ ಚೊಲೋ ನಾರ ಐತಿ ನೋಡ್ರಿ: ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಹೆಸರಕಾಳ, ಮಡಕಿಕಾಳ, ಪುಂಡಿಪಲ್ಲೆ, ಮೆಂತೆಪಲ್ಲೆ, ಹತ್ತರಕಿ ಹಸೀದ ಹಂಗ ತಿನ್ನೂದು. ಬಸುರಿ ಅಂತ ಹೇಳಿ ರೊಟ್ಟಿ ಬಿಡಿಸಿ ಮೆತ್ತನ್ನ ಅನ್ನ, ಬ್ರೆಡ್, ಬಿಸ್ಕೀಟ್ ಕೊಡಾಕ ಚಾಲೂ ಮಾಡ್ತಾರ, ಅಲ್ಲೇ ಕೆಡೂದು. ಹಸೀ ಪಲ್ಲೆ ಮಾತ್ರ ಚೆಂದಂಗ ತೊಳದ ತಿನ್ರಿ. ಮುಂಜಾನಿ ಎದ್ದ ಕೂಡ್ಲೆ ಎರಡ ಗ್ಲಾಸ್ ಬೆಚ್ಚನ ನೀರು. ಗುಳಿಗಿನ ಚಹಾದ ಜೋಡಿ ಅಂತೂ ಬ್ಯಾಡ, ಕ್ಯಾಲ್ಸಿಯಂ ಜೋಡಿನೂ ಬ್ಯಾಡ. ಊಟ ಆಗಿ ಒಂದ ತಾಸ ಬಿಟ್ಟ ನಿಂಬಿಹಣ್ಣಿನ ನೀರಿನ ಜೋಡಿ ನುಂಗ್ರಿ, ಕಬ್ಬಿಣ ಚೊಲೋ ಹತ್ತತೈತಿ. ತಿಣಕಿ ತಿಣಕಿ ಮೂಲವ್ಯಾಧಿ ಆಗಿ ರಕ್ತ ಬೀಳಾಕತ್ತಿದ್ರ ಮುಚ್ಚಿಡಬ್ಯಾಡ್ರಿ, ಮುಲಾಮ ಕೊಡ್ತಾರ.

ಕಾಲ ಬಾತಾವು, ಎಲ್ಲಾರಿಗೂ ಬಾಯ್ತಾವು ಅಂತಾರ. ಖರೇನ?

ಸಂಜೀಕ ಪಾದ ಬಾತು, ರಾತ್ರಿ ಮಲ್ಕೊಂಡ ಎದ್ದ ಮ್ಯಾಲ ಇಳದಿದ್ರ, ಹೂಂ, ಅದು ಭಾಳ ಮಂದಿಗೆ ಬರ್ತೈತಿ, ಬ್ಯಾಸಗಿಯೊಳಗ ವಿಜಯಪುರ, ಬಾಗಲಕೋಟಿ ಕಡೆ 40 ಡಿಗ್ರಿ ದಾಟಿದಾಗ ಇನ್ನೂ ಜಾಸ್ತಿ. ಕಾಲ ದಿಂಬಿನ ಮ್ಯಾಲ ಎತ್ತಿ ಇಡ್ರಿ, ಭಾಳ ಹೊತ್ತ ನಿಂದರಬ್ಯಾಡ್ರಿ, ಪಾದ ಮ್ಯಾಲ ಕೆಳಗ ಆಡಸ್ರಿ, ನೀರ ಕಡಿಮಿ ಮಾಡಬ್ಯಾಡ್ರಿ. ನೀರ ಕುಡದ್ರ ಬಾವು ಏರತೈತಿ ಅನ್ನೂದ ಸುಳ್ಳ.

ಆದ್ರ ಈ "ಎಲ್ಲಾರಿಗೂ ಬಾಯ್ತಾವು" ಅನ್ನೂ ಮಾತ ನನ್ನ ಮುಗಸ್ತಿತ್ತು. ಮೊದಲನೇ ಸಲ, ಏಳ ತಿಂಗಳಿಗೆ ತವರಮನ್ಯಾಗ ಕುಬಸ (ಸೀಮಂತ) ಇಟ್ಕೊಂಡಿದ್ರು. ವಾರದ ಹಿಂದಿಂದ ಮುಖ ದುಂಡಗ ಆಗಿತ್ತು, ಬಂದವರೆಲ್ಲಾ "ಮೈ ತುಂಬೇತಿ ನೋಡ, ಮುಖದಾಗ ಏನ್ ಕಳಿ ಬಂದೈತಿ" ಅಂತ ಲಟಿಕಿ ಮುರದ ದೃಷ್ಟಿ ತಗದ್ರು. ನಾನೂ ಹಿಗ್ಗಿದ್ಯಾ. ತೆಲಿ ನೋವು ಎರಡ ದಿನದಿಂದ ಇತ್ತು, ಅದು ನಿದ್ದಿ ಇಲ್ಲದ್ದಕ್ಕ ಅಂದ್ಕೊಂಡಿದ್ಯಾ. ಬಳಿ ಇಡಸಾಕ ಕುಂತಾಗ ನನ್ನ ಕಾಯಂ ಸೈಜ್ ಎರಡ ನಾಕ, ಅದು ಗೆಣ್ಣ ದಾಟಲಿಲ್ಲ. ಬಳಿಗಾರಾಕಿ ಎರಡ ಆರ ತಗದ್ಲು, ಸಾಬಾಣ ಹಚ್ಚಿದ್ಲು, ಅದೂ ಹೋಗಲಿಲ್ಲ, ಹಸರ ಬಳಿ ಎರಡ ಟಳ್ ಅಂತ ಒಡದು ಕೈ ಗೀರಿ ರಕ್ತ ಬಂತು. ಆ ಬಳಿಗಾರಾಕಿ ನನ್ನ ಕೈ ಹಿಡದ ಹೆಬ್ಬಟ್ಟಲೆ ಒತ್ತಿದ್ಲು, ಒತ್ತಿದಲ್ಲೆ ಕುಣಿ ಬಿದ್ದ ಹಂಗ ಉಳೀತು. "ಯವ್ವಾ, ಇದು ಮೈ ತುಂಬಿದ್ದಲ್ಲ, ನೀರ ತುಂಬೇತಿ, ಮೊದಲ ದವಾಖಾನಿಗೆ ಒಯ್ರಿ, ಬಳಿ ಆಮ್ಯಾಲ" ಅಂದ್ಲು. ಆರತಿ ತಾಟ ಹಂಗ ಬಿಟ್ಟ ಹೋದ್ವಿ. ಬಿಪಿ 150ಕ್ಕ 100, ಮೂತ್ರದಾಗ ಪ್ರೋಟೀನ್. ಅಲ್ಲಿಂದ ಹೆರಿಗಿ ತನಕ ಗುಳಿಗಿ, ವಾರಕ್ಕೆರಡ ಸಲ ತಪಾಸಣಿ, 37 ವಾರಕ್ಕ ಹೆರಿಗಿ ಮಾಡಿಸಿದ್ರು, ಮಗ ಈಗ ಶಾಲಿಗೆ ಹೊಕ್ಕಾನ.

ಆ ಕುಬಸದ ಹಿಂದಿನ ವಾರ ಒಂದ ಕಡೆ ತೋರಿಸಿದ್ದೆ ಅನ್ರಿ, ಅಲ್ಲಿ ಬಿಪಿ ಪಟ್ಟಿ ಕೈಗೆ ಕಟ್ಟಿರಲೇ ಇಲ್ಲ, ಗದ್ಲ ಇತ್ತು, ತೂಕ ಬರದ ಕಳಿಸಿದ್ರು. ಅದಕ್ಕ ಈಗ ನಾ ಎಲ್ಲಾರಿಗೂ ಹೇಳ್ತೀನಿ, ತಾಯಿ ಕಾರ್ಡ್ ಒಳಗ ಬಿಪಿ ಜಾಗ ಖಾಲಿ ಇದ್ರ ಕುರ್ಚಿ ಬಿಟ್ಟ ಏಳಬ್ಯಾಡ್ರಿ. 20 ವಾರ ಆದ ಮ್ಯಾಲ 140ಕ್ಕ 90 ಅಥವಾ ಅದಕ್ಕಿಂತ ಜಾಸ್ತಿ ಇದ್ರ ಅದು ಬಿಪಿ ಏರಿದಂಗ. ಮುಖ, ಕೈ ದಿಢೀರಂತ ಬಾಯೂದು, ಹೋಗದ ಇರೂ ತೆಲಿ ನೋವು, ಕಣ್ಣ ಮುಂದ ಮಂಜ ಮಂಜ, ಮಿಂಚ ಹೊಡದಂಗ ಕಾಣೂದು, ಮ್ಯಾಲ ಹೇಳಿದಂಗ ಪಕ್ಕೆಲಬಿನ ಕೆಳಗ ನೋವು, ಇದರಾಗ ಒಂದ ಬಂದ್ರೂ ನಾಳೆ ಅನ್ನಬ್ಯಾಡ್ರಿ, ಫಿಟ್ಸ್ ಬರೂ ತನಕ ಹೋಗತೈತಿ ಈ ರೋಗ. ರಾತ್ರಿ ಆಗಿದ್ರ 108ಕ್ಕ ಫೋನ್ ಹಚ್ರಿ, ರೊಕ್ಕ ಇಲ್ಲ.

ಮುಂಜಾನಿ ಎದ್ರ ಕೈ ಜುಂ ಹಿಡದಿರ್ತಾವು, ಬೊಟ್ಟ ಮಡಚಾಕ ಬರಂಗಿಲ್ಲ

ಮಣಿಕಟ್ಟಿನ ಒಳಗ ನರ ಹೋಗೂ ಸಣ್ಣ ದಾರಿ ಬಾವಿನಿಂದ ಇಕ್ಕಟ್ಟ ಆಗಿ ಹಿಂಗ ಆಗತೈತಿ. ಮಣಿಕಟ್ಟ ಮಡಚಿ ತೆಲಿ ಕೆಳಗ ಇಟ್ಕೊಂಡ ಮಲ್ಕೋಬ್ಯಾಡ್ರಿ, ರಾತ್ರಿ ನೆಟ್ಟಗಿರೂ ಹಂಗ ಪಟ್ಟಿ ಕಟ್ಕೊಂಡ್ರ ಆರಾಮ. ಬಟ್ಟಿ ಹಿಂಡೂದ ಯಾರಿಗರ ಬಿಡ್ರಿ. ಹೆರಿಗಿ ಆದ ಮ್ಯಾಲ ಹೋಗತೈತಿ. ಬಾವು ಜಾಸ್ತಿ ಇದ್ರ ಬಿಪಿ ನೋಡಸ್ರಿ, ಮತ್ತ ಅದ ಮಾತ.

ಎಡಮಗ್ಗಲಕ್ಕ ಮಲ್ಕೋಬೇಕಂತ, ಎದ್ದ ನೋಡಿದ್ರ ಅಂಗಾತ ಇರ್ತೀನಿ, ಕೂಸಿಗೆ ತ್ರಾಸ ಆಗಿರ್ತೈತೇನ?

ಹೊಟ್ಟಿ ದೊಡ್ಡದಾದ ಮ್ಯಾಲ ಅಂಗಾತ ಮಲ್ಕೊಂಡ್ರ ಗರ್ಭಕೋಶದ ಭಾರ ಬೆನ್ನಿನ ಕಡೆ ಹೋಗೂ ದೊಡ್ಡ ರಕ್ತನಾಳದ ಮ್ಯಾಲ ಬೀಳತೈತಿ, ಕೆಲವರಿಗೆ ತೆಲಿ ತಿರಗಿದಂಗ ಆಗತೈತಿ, ಕೂಸಿಗೆ ಹೋಗೂ ರಕ್ತಾನೂ ಕಡಿಮಿ ಆಗತೈತಿ. ಅದಕ್ಕ 28 ವಾರದಿಂದ ಮಗ್ಗಲಾಗಿ ಮಲ್ಕೋರಿ ಅನ್ನೂದು. ಎಡಗಡೇನ ಆಗಬೇಕು, ಬಲಗಡೆ ಹೊಳ್ಳಿದ್ರ ಪಾಪ ಅನ್ನೂ ಹಂಗ ಏನಿಲ್ಲ, ಎರಡೂ ನಡಿತೈತಿ. ನಿದ್ದ್ಯಾಗ ಹೊಳ್ಳಿ ಅಂಗಾತ ಆಗಿದ್ರ ಎಚ್ಚರ ಆದಾಗ ಮತ್ತ ಮಗ್ಗಲ ಆಗ್ರಿ, ಇಡೀ ರಾತ್ರಿ ಎದ್ದ ಕುಂತ ಕಾಯೂದ ಬ್ಯಾಡ. ಬೆನ್ನ ಹಿಂದ ಒಂದ ಕೌದಿ ಸುರುಳಿ ಮಾಡಿ ಇಟ್ರ ಹೊಳ್ಳೂದ ಕಡಿಮಿ ಆಗತೈತಿ.

ಮೈ ತುರಸ್ತೈತಿ

ಎಲ್ಲೆ ತುರಸ್ತೈತಿ ಅನ್ನೂದ ಮುಖ್ಯ. ಹೊಟ್ಟಿ ಮ್ಯಾಲ, ತೊಡಿ ಮ್ಯಾಲ ಆದ್ರ ಚರ್ಮ ಜಗ್ಗೂದಕ್ಕ, ಕೊಬ್ಬರಿ ಎಣ್ಣಿ ಹಚ್ರಿ, ಭಾಳ ಬಿಸಿ ನೀರ ಮೈಮ್ಯಾಲ ಹಾಕ್ಕೊಬ್ಯಾಡ್ರಿ. ಅಂಗೈ, ಅಂಗಾಲ ರಾತ್ರಿ ಹೊತ್ತ ಕಿತ್ತ ಬರೂ ಹಂಗ ತುರಸ್ತಿದ್ರ, ಮ್ಯಾಲ ಗುಳ್ಳಿ ಏನೂ ಕಾಣದಿದ್ರ, ಅದು ಲಿವರಿನ ತೊಂದ್ರಿ ಇರಬಹುದು, ರಕ್ತ ಪರೀಕ್ಷಾ ಮಾಡಸಬೇಕು, ಕೂಸಿಗೆ ಅಪಾಯ ಐತಿ ಅದರಿಂದ. ಅಂಗೈ ತುರಸಿದ್ರ ರೊಕ್ಕ ಬರ್ತೈತಿ ಅಂತ ನಗಬ್ಯಾಡ್ರಿ.

ತಾಸಿಗೆರಡ ಸಲ ಒಂದಕ್ಕ ಬರ್ತೈತಿ, ಹೊಲಕ್ಕ ಹೋದಾಗ ಎಲ್ಲಿ ಹೋಗೂದು ಅಂತ ನೀರ ಕುಡಿಯೂದ ಬಿಟ್ಟೀನಿ

ನೀವೊಬ್ಬರ ಅಲ್ಲ, ಕಳೆ ತಗ್ಯಾಕ, ಕಬ್ಬಿನ ಹೊಲಕ್ಕ, ದ್ರಾಕ್ಷಿ ತೋಟಕ್ಕ ಹೋಗೂ ಹೆಣ್ಮಕ್ಕಳೆಲ್ಲಾ ಹಿಂಗ ಮಾಡ್ತಾರ. ಪದೇ ಪದೇ ಬರೂದ ಸಹಜ, ಮೂತ್ರಚೀಲದ ಮ್ಯಾಲ ಕೂಸು ಕುಂತಿರ್ತೈತಿ. ಆದ್ರ ನೀರ ಬಿಡೂದು, ಬಂದದ್ದ ತಡಕೊಳ್ಳೂದು, ಇವೆರಡರಿಂದ ಸೋಂಕ ಆಗತೈತಿ, ಸೋಂಕ ಏರಿದ್ರ ದಿನ ತುಂಬೂ ಮೊದಲ ಬ್ಯಾನಿ ಬರ್ತಾವು. ಉರಿ, ವಾಸನಿ, ರಕ್ತ, ಜ್ವರ, ಇದರಾಗ ಏನ ಇದ್ರೂ ಮೂತ್ರ ಪರೀಕ್ಷಾ ಮಾಡಿಸಿ ಡಾಕ್ಟರ್ ಕೊಟ್ಟ ಗುಳಿಗಿ ಪೂರ್ತಿ ಮುಗಸ್ರಿ, ಎರಡ ದಿನಕ್ಕ ಉರಿ ಹೋತು ಅಂತ ನಿಲ್ಲಸಬ್ಯಾಡ್ರಿ. ಹೊಲದಾಗ ಜೋಡಿ ಒಬ್ಬಾಕಿನ್ನ ಕರಕೊಂಡ ಸೀರಿ ಅಡ್ಡ ಹಿಡಸ್ಕೊಂಡರ ಹೋಗ್ರಿ, ತಡ್ಕೋಬ್ಯಾಡ್ರಿ.

ಮೆಡಿಕಲ್ ಶಾಪಿನ್ಯಾಗ ನೋವಿನ ಗುಳಿಗಿ ಕೊಡ್ತಾರ, ತಗೋಬಹುದ?

ಅಂಗಡ್ಯಾಗ "ಟೊಂಕ ನೋವಿಗೆ ಕೊಡ್ರಿ" ಅಂದ್ರ ಕೊಡೂ ಗುಳಿಗಿ ಒಳಗ ಡೈಕ್ಲೋಫಿನಾಕ್, ಐಬುಪ್ರೊಫೆನ್ ಇರೂದ ಜಾಸ್ತಿ. 20 ವಾರ ಆದ ಮ್ಯಾಲ ಇವು ಕೂಸಿನ ಮೂತ್ರಪಿಂಡಕ್ಕ ಹೊಡದು ಗರ್ಭದ ನೀರ ಕಡಿಮಿ ಮಾಡಬಹುದು, ಕಡೀ ಮೂರ ತಿಂಗಳದಾಗ ಕೂಸಿನ ಹೃದಯದ ಹತ್ತರದ ಒಂದ ರಕ್ತನಾಳ ಹೊತ್ತಿಗಿಂತ ಮೊದಲ ಮುಚ್ಚಬಹುದು. ಮೊದಲಿನ ತಿಂಗಳದಾಗೂ ಕೇಳದ ತಗೋಬ್ಯಾಡ್ರಿ. ಪ್ಯಾರಾಸಿಟಮಾಲ್ ನಡಿತೈತಿ, ಡಾಕ್ಟರ್ ಹೇಳಿದಷ್ಟ, ಬೇಕಾದಾಗಷ್ಟ. ಹಚ್ಚೂ ಟ್ಯೂಬಿನ್ಯಾಗೂ ಡೈಕ್ಲೋಫಿನಾಕ್ ಇರ್ತೈತಿ, ಹೆಸರ ಓದಿಸಿ ತಗೋರಿ. ಇನ್ನ ಬಿಪಿ ಸಲುವಾಗಿ ಡಾಕ್ಟರ್ ಸಣ್ಣ ಆಸ್ಪಿರಿನ್ ಬರದಿದ್ರ ಅದು ಬ್ಯಾರೆ ವಿಷಯ, ಇದನ್ನ ಓದಿ ಅದನ್ನ ನಿಲ್ಲಸಬ್ಯಾಡ್ರಿ.

ಎಣ್ಣಿ ಹಚ್ಚಿ ತಿಕ್ಕಿಸ್ಕೋಬಹುದ?

ಟೊಂಕ, ಹೆಗಲ, ಕಾಲಿಗೆ ಹಗೂರ್ಕ ಆದ್ರ ಚೊಲೋ. ಹೊಟ್ಟಿ ತಿಕ್ಕಿ ಕೂಸು ಸರಿ ಮಾಡ್ತೀನಿ ಅನ್ನವರ ಕೈಗೆ ಹೊಟ್ಟಿ ಕೊಡಬ್ಯಾಡ್ರಿ.

ಬಸ್ಸಿನ್ಯಾಗ ತವರಮನಿಗೆ ಹೋಗಬಹುದ?

ತೊಂದ್ರಿ ಏನೂ ಇಲ್ಲ ಅಂತ ಡಾಕ್ಟರ್ ಹೇಳಿದ್ರ ಹೋಗ್ರಿ. 2023ರಾಗ ಹೆಣ್ಮಕ್ಕಳಿಗೆ ಟಿಕೀಟ್ ಫ್ರೀ ಆದ ಮ್ಯಾಲ ಗದ್ಲ ಜಾಸ್ತಿ, ನಿಂತ ಹೋಗಬ್ಯಾಡ್ರಿ, ಕಂಡಕ್ಟರ್ ಅಣ್ಣಗ ಹೇಳಿ ಸೀಟ ಬಿಡಸ್ಕೋರಿ, ಹಿಂದಿನ ಸೀಟ ಎತ್ತಿ ಒಗಿತೈತಿ, ನಡು ಸೀಟ ಹಿಡೀರಿ. ಭಾಳ ದೂರ ಇದ್ರ ಬಸ್ ನಿಂತಲ್ಲೆ ಇಳದ ನಾಕ ಹೆಜ್ಜಿ ಅಡ್ಡಾಡ್ರಿ. ತಾಯಿ ಕಾರ್ಡ್ ಚೀಲದಾಗ ಇರ್ಲಿ.

ಎಂಟ ತಿಂಗಳಿಗೆ ಹೊಟ್ಟಿ ಗಟ್ಟಿ ಆಗಿ ಬಿಡತೈತಿ, ಇವು ಬ್ಯಾನೀನ?

ಸುಳ್ಳ ಬ್ಯಾನಿ, ಖರೇ ಬ್ಯಾನಿ ಅಂತ ಎರಡ ಅದಾವು. ಸುಳ್ಳದ್ದು ಲೆಕ್ಕ ಇಲ್ಲದ ಬರ್ತೈತಿ, ನೀರ ಕುಡದು ಮಗ್ಗಲ ಆದ್ರ, ನಾಕ ಹೆಜ್ಜಿ ನಡದ್ರ ಹೋಗತೈತಿ. ಖರೇದು ಗಡಿಯಾರ ಹಿಡದಂಗ ಬರ್ತೈತಿ, ಟೊಂಕದಿಂದ ಹೊಟ್ಟಿಗೆ ಸುತ್ತ ಹಾಕತೈತಿ, ಬರಬರ್ತಾ ಸನೇಕ, ಬರಬರ್ತಾ ಜೋರ, ಏನ್ ಮಾಡಿದ್ರೂ ನಿಂದರಂಗಿಲ್ಲ. ಐದ ನಿಮಿಷಕ್ಕೊಂದ ಬರೂ ತನಕ ಮನ್ಯಾಗ ಕುಂದರ್ರಿ ಅಂತ ಪ್ಯಾಟ್ಯಾಗಿನವರಿಗೆ ಹೇಳ್ತಾರ, ನಮ್ಮ ಹಳ್ಳ್ಯಾಗಿಂದ ದವಾಖಾನಿ ಮುಟ್ಟಾಕ ತಾಸ ಬೇಕು, ನೀವು ಮೊದಲ ಹೊರಡ್ರಿ. 37 ವಾರಕ್ಕಿಂತ ಮೊದಲಾದ್ರ ಎಣಿಸ್ಕೊಂತ ಕುಂದರೂದ ಇಲ್ಲ. ಬ್ಯಾನಿ ಇಲ್ಲದ ನೀರ ಹೋದ್ರೂ, ರಕ್ತ ಹೋದ್ರೂ, ಕೂಸಿನ ಒದ್ದಾಟ ದಿನಕ್ಕಿಂತ ಕಡಿಮಿ ಅನ್ನಿಸಿದ್ರೂ ಅವತ್ತ, ಆವಾಗ ಹೋಗಬೇಕು. ದಿನ ಹತ್ತರ ಬಂದ್ವು, ಅದಕ್ಕ ಕೂಸು ಸುಮ್ನ ಆಗೈತಿ ಅನ್ನೂ ಮಾತ ನಂಬಬ್ಯಾಡ್ರಿ, ಕೂಸು ಹೆರಿಗಿ ತನಕ ಒದಿತಿರಬೇಕು.

ಅತ್ತಿ "ನಾವೂ ಹೊಲದಾಗ ದುಡದ ಹೆತ್ತೀವಿ" ಅಂತಾರ, ನೋವು ಅಂತ ಹೇಳಾಕ ಬಾಯಿ ಬರಂಗಿಲ್ಲ

ಅವರ ಜೋಡಿ ವಾದ ಮಾಡಾಕ ಹೋಗಬ್ಯಾಡ್ರಿ, ನಾನೂ ಮಾಡಂಗಿಲ್ಲ. ಪ್ರತಿ ತಿಂಗಳ 9ನೇ ತಾರೀಖ ಸರ್ಕಾರಿ ದವಾಖಾನ್ಯಾಗ ನಾಕ ತಿಂಗಳ ಮ್ಯಾಲಿನ ಬಸುರ್ಯಾರಿಗೆ ಪುಕಟ್ಟೆ ತಪಾಸಣಿ ಇರ್ತೈತಿ, 2016ರಿಂದ ನಡದೈತಿ. ಆ ದಿನ ಸೊಸಿ ಜೋಡಿ ಅತ್ತಿನ್ನೂ ಕರಕೊಂಡ ಹೋಗ್ತೀನಿ, ಡಾಕ್ಟರ್ ಮುಂದ ಕುರ್ಚಿ ಹಾಕಿ ಕುಂದ್ರಸ್ತೀನಿ. ಸೊಸಿ ಹೇಳಿದ್ರ ಕೇಳದ್ದು ಡಾಕ್ಟರ್ ಹೇಳಿದ್ರ ಕಿವಿಗೆ ಬೀಳತೈತಿ. ತಾಯಿ ಕಾರ್ಡ್ ಅವರ ಕೈಯಾಗ ಕೊಡ್ತೀನಿ, ಗುಳಿಗಿ ಎಣಿಸೂ ಕೆಲಸಾನೂ ಅವರಿಗೇನ ಹಚ್ತೀನಿ. ನಮ್ಮ ಓಣ್ಯಾಗ ಒಬ್ಬಾಕಿ ಆಯಿ ಇದ್ದಾಳ, ಮೊದಲ ನನ್ನ ನೋಡಿದ್ರ "ಬಂದ್ಲ ನೋಡ ಗುಳಿಗಿ ಬುಟ್ಟಿ" ಅಂತ ಬಾಗಲ ಮುಂದ ಮಾಡಾಕಿ. ಮೊನ್ನೆ ಅದ ಓಣ್ಯಾಗ ಹಾದು ಹೊಂಟಿದ್ಯಾ, ಕಟ್ಟಿ ಮ್ಯಾಲಿಂದ ಕೂಗಿ ನಿಂದ್ರಸಿದ್ಲು: "ಏ ಆಶಾ, ಕ್ಯಾಲ್ಸಿಯಂ ಮುಗದು ಎರಡ ದಿನ ಆತು, ಎಲ್ಲಿ ಸತ್ತಿದ್ದಿ?"